ಹುಲಿಗವ್ವನ ಹೊಲದಾಗ ಊರಿಗೂರೇ ಉಣ್ಣತೈತಿ

ಹುಲಿಗವ್ವ ಎಣಿಸಲು ಕಲಿತದ್ದು ಸಾಲಿಯಲ್ಲಲ್ಲ, ಕಣದಲ್ಲಿ. ಅಪ್ಪ ಜೋಳದ ರಾಶಿಯ ಮುಂದೆ ಕೂತು ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ. ಲಾಭ, ಎರಡು, ಮೂರು. ಅವಳಿಗೆ ಆಗ ಆರೋ ಏಳೋ ವರ್ಷ.

“ಒಂದು ಎಲ್ಲಿ ಹೋತಪ್ಪಾ?” ಅಂತ ಕೇಳಿದ್ದಳು.

“ರಾಶಿ ಮುಂದ ಒಂದ ಅನ್ನಬಾರದವ್ವಾ. ಭೂಮಿತಾಯಿ ಕೇಳಿಸ್ಕೊಂತಾಳ. ಇವಂಗ ಒಂದ ಸಾಕಾಗೈತಿ ಅಂತ ತಿಳ್ಕೊಂಡು ಕೈ ಬಿಗಿ ಹಿಡೀತಾಳ.”

ಅವತ್ತಿನಿಂದ ಹುಲಿಗವ್ವ ಹೊಲದಲ್ಲಿ ನಿಂತು ಕಡಿಮೆಯ ಮಾತು ಆಡಿದವಳಲ್ಲ. ಮನೆಯಲ್ಲಿ ಎಷ್ಟು ಬೇಕಾದರೂ ಗೊಣಗುತ್ತಿದ್ದಳು, ನಲ್ಲಿಯ ಕಟ್ಟೆಯ ಮೇಲೆ ಜಗಳವನ್ನೂ ತೆಗೆಯುತ್ತಿದ್ದಳು. ಹೊಲದ ಒಡ್ಡು ದಾಟಿದಳೆಂದರೆ ಬಾಯಿ ಬೇರೆಯಾಗುತ್ತಿತ್ತು. ಬೆಳೆ ಹೆಂಗೈತಿ ಅಂದರೆ “ಛಲೋ ಐತಿ”. ಮಳೆ ಆತೇನು ಅಂದರೆ “ಸಾಕಷ್ಟು ಆತು”. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಆ ಸೀಮೆಯಲ್ಲಿ ಯಾರೂ ತಿಳಿಯುತ್ತಿರಲಿಲ್ಲ. ಹೊಲದ ಮಾತು ಬೇರೆ, ಮನೆಯ ಮಾತು ಬೇರೆ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಂದು ದಿನ ಜೀಪಿನಲ್ಲಿ ಬಂದರು. ಆಮೇಲಿನದು ಈ ಕಥೆ.

ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸರಿದರೆ ಕೆಂಗಲ್ಲಹಾಳ ಸಿಗುತ್ತದೆ. ಹುಲಿಗವ್ವ ಆ ಊರಿಗೆ ಸೊಸೆಯಾಗಿ ಬಂದಳು. ಗಂಡ ಗ್ಯಾನಪ್ಪ ಒಳ್ಳೆಯವನು, ಮಾತು ಕಮ್ಮಿ. ಮಾವನಿಗೆ ಸರ್ಕಾರ ಹಿಂದೊಮ್ಮೆ ಹಳ್ಳದ ದಂಡೆಯ ಮೇಲೆ ಭೂಮಿ ಕೊಟ್ಟಿತ್ತು. ಭೂಮಿ ಅನ್ನುವುದು ಕಾಗದದ ಮಾತು. ಕಣ್ಣಿಗೆ ಕಂಡದ್ದು ಬರಡು ಮಡ್ಡಿ, ತಲೆಯಷ್ಟು ತಲೆಯಷ್ಟು ಕಲ್ಲು, ನಡುವೆ ಒಂದು ಬನ್ನಿಗಿಡ. ಉಳ್ಳವರಿಗೆ ಬೇಡವಾದದ್ದನ್ನೇ ಬಡವರಿಗೆ ಹಂಚಿ ಫೋಟೋ ತೆಗೆಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ.

ಗ್ಯಾನಪ್ಪ ವರ್ಷದಲ್ಲಿ ಅರ್ಧ ಗಂಗಾವತಿಯ ಅಕ್ಕಿ ಮಿಲ್ಲುಗಳಲ್ಲಿ ಹಮಾಲಿ ಮಾಡುತ್ತಿದ್ದ. ಹುಲಿಗವ್ವ ಕಲ್ಲು ಆರಿಸುತ್ತಿದ್ದಳು. ಮಗಳು ಸುಮಂಗಲಾಳನ್ನು ಬನ್ನಿಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವುದು, ಬುಟ್ಟಿಗೆ ಕಲ್ಲು ತುಂಬುವುದು, ತಲೆಯ ಮೇಲೆ ಹೊತ್ತು ಹಳ್ಳದ ಬದಿಗೆ ಒಯ್ದು ಒಡ್ಡಿಗೆ ಹಾಕುವುದು. ಒಡ್ಡು ಮೊದಲು ಮೊಣಕಾಲೆತ್ತರ ಆಯಿತು, ಆಮೇಲೆ ಸೊಂಟದೆತ್ತರ ಆಯಿತು. ಸುಮಂಗಲಾ ಜೋಳಿಗೆಯಿಂದ ಇಳಿದು ನಡೆದಳು, ಸಾಲಿಗೆ ಹೋದಳು, ಮದುವೆಯಾಗಿ ಗಂಗಾವತಿ ಸೇರಿದಳು. ಕಲ್ಲು ಮುಗಿಯಲಿಲ್ಲ. ಪ್ರತಿ ಮಳೆಗೂ ಭೂಮಿ ಹೊಸ ಕಲ್ಲು ಮೇಲೆ ನೂಕುತ್ತಿತ್ತು.

ಪಕ್ಕದ ಹೊಲದ ಗಾಳೆಮ್ಮ ನೋಡಿ ನಗುತ್ತಿದ್ದಳು. “ಯಕ್ಕಾ, ಹೊಲಾ ಮಾಡಾಕತ್ತೀಯೋ, ಕ್ವಾಟಿ ಕಟ್ಟಾಕತ್ತೀಯೋ?”

“ಕ್ವಾಟಿನ ಕಟ್ಟಾಕತ್ತೀನಿ. ನಿನ್ನಂಥಾ ಕಳ್ಳಿ ಮಗ್ಗಲಕ್ಕ ಇದ್ರ ಮತ್ತೇನ್ ಮಾಡ್ಲಿ?”

“ನಿನ್ನ ಹೊಲದಾಗ ಕದಿಯಾಕ ಏನೈತಿ, ಕಲ್ಲು?”

“ಅದನ್ನಾರ ಕದ್ದು ಪುಣ್ಯಾ ಕಟ್ಕೋ ನಮ್ಮವ್ವಾ.”

ಇಬ್ಬರೂ ನಗುತ್ತಿದ್ದರು. ಹೀಗೆ ಎಷ್ಟೋ ವರ್ಷ ಆದ ಮೇಲೆ ಒಂದು ಹಂಗಾಮಿನಲ್ಲಿ ಆ ಮಡ್ಡಿಯ ಮೇಲೆ ಬಿಳಿಜೋಳದ ತೆನೆ ತೂಗಿತು. ಗಾಳೆಮ್ಮ ತಾನಾಗಿಯೇ ಬಂದು ಒಡ್ಡಿನ ಮೇಲೆ ಕೂತು ನೋಡಿದಳು, ಏನೂ ಅನ್ನಲಿಲ್ಲ. ಹುಲಿಗವ್ವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಜೀವಮಾನದಲ್ಲಿ ಸಿಕ್ಕಿಲ್ಲ.

ಮುಂದೆ ಡ್ಯಾಮಿನ ಮಾತು ಬರುತ್ತದೆ, ಡ್ಯಾಮು ಅಂದರೆ ಏನಂತ ಅವಳಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಗಂಗಾವತಿಯ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಗುಂಪಿನೊಂದಿಗೆ ಹೋಗುತ್ತಿದ್ದಳು. ಒಂದು ಸಲ ನಾಟಿ ಮುಗಿಸಿ ಹುಲಿಗೆಮ್ಮನ ಗುಡಿಗೆ ಹೋದಾಗ ಗುಂಪಿನವರೆಲ್ಲ ಅಲ್ಲೇ ಹತ್ತಿರದ ಡ್ಯಾಮನ್ನೂ ನೋಡಿ ಬಂದಿದ್ದರು. ಆ ನೀರನ್ನು ನೋಡುತ್ತ ಹುಲಿಗವ್ವನಿಗೆ ಅನ್ನಿಸಿತ್ತು. ಇದೇ ನೀರು ಕಾಲುವೆಯಲ್ಲಿ ಹರಿದು ಬರುತ್ತದೆ, ಅದರಲ್ಲೇ ತಾನು ಮೊಣಕಾಲುದ್ದ ನಿಂತು ಬೇರೆಯವರ ಗದ್ದೆಗೆ ಸಸಿ ಹಚ್ಚುತ್ತಾಳೆ. ತನ್ನ ಊರಿಗೆ ಮಾತ್ರ ಈ ನೀರು ಬರುವುದಿಲ್ಲ. ಅಲ್ಲೊಂದು ತೋಟ ಇತ್ತು, ಸಂಜೆಯಾದರೆ ದೀಪ ಹಚ್ಚುತ್ತಾರಂತೆ. ನೋಡಲು ಪುರುಸೊತ್ತಿರಲಿಲ್ಲ, ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ. ತೋಟದ ಗೋಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ ಉಂಡು ಟ್ರ್ಯಾಕ್ಟರ್ ಹತ್ತಿದ್ದರು.

ಎಳ್ಳಮಾವಾಸ್ಯೆ ಬಂದರೆ ಈ ಕಡೆ ಊರು ಖಾಲಿ, ಹೊಲ ತುಂಬಿರುತ್ತದೆ. ಪೈರು ಹೊತ್ತು ನಿಂತ ಭೂಮಿ ಬಸುರಿ ಹೆಂಗಸಿನ ಹಾಗೆ ಅಂತ ಲೆಕ್ಕ. ಅವಳ ಬಯಕೆ ತೀರಿಸಬೇಕು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗಿ, ಮೊಸರಬುತ್ತಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಬೇಕು. ಆಮೇಲೆ ಅಡುಗೆಯ ಒಂದೊಂದು ಪಾಲು ಕಲೆಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಅದೇ ಚರಗ. ಗ್ಯಾನಪ್ಪ ಮುಂದೆ ಚೆಲ್ಲುತ್ತ “ಹುಲ್ಲುಲ್ಲಿಗೋ” ಅನ್ನುವುದು, ಹಿಂದೆ ಹುಲಿಗವ್ವ ತಂಬಿಗೆಯಿಂದ ನೀರು ಚಿಮುಕಿಸುತ್ತ ಅದನ್ನೇ ತಿರುಗಿ ಅನ್ನುವುದು. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಅವತ್ತು ಹೊಲದ ಬದಿಯಲ್ಲಿ ಹಾದವರನ್ನು ಉಣ್ಣಿಸದೆ ಬಿಡುವ ಹಾಗಿಲ್ಲ, ಹಗೆಯವನಾದರೂ ಕರೆಯಬೇಕು. ಊಟಕ್ಕ ಎಷ್ಟ ಮಂದಿ ಅಂತ ಯಾರಾದರೂ ಕೇಳಿದರೆ “ಊರಿಗೂರೇ ಉಣ್ಣತೈತಿ” ಅನ್ನಬೇಕು. ಇಬ್ಬರೇ ಕೂತಿದ್ದರೂ ಹಾಗೇ ಅನ್ನಬೇಕು. ಬಸುರಿಯ ಮುಂದೆ ಇಲ್ಲ ಅನ್ನಬಾರದು.

ಜೀಪು ಬಂದದ್ದು ಅಂಥದೇ ದಿನ.

ಹಳ್ಳಕ್ಕೆ ಅಡ್ಡ ಕಟ್ಟಿ ಜಲಾಶಯ ಮಾಡುತ್ತಾರೆ ಅನ್ನುವ ಸುದ್ದಿ ಮುಂಚಿನಿಂದಲೂ ಇತ್ತು. ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ಅಳೆದು ಹಳದಿ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಹುಲಿಗವ್ವನ ಹೊಲ ಆ ಕಲ್ಲಿನ ಮೇಲಕ್ಕೆ ಇತ್ತು, ಮುಳುಗುವ ಹಾಗಿರಲಿಲ್ಲ. ಮುಳುಗುವವರು ಅತ್ತರು, ಕೋರ್ಟಿಗೆ ಹೋದರು. ಹುಲಿಗವ್ವ ಅವರ ಮನೆಗಳಿಗೆ ಹೋಗಿ ಕೂತು ಸಮಾಧಾನ ಹೇಳಿ ಬಂದಳು. ಮನೆಗೆ ಬಂದು ದೇವರ ಜಗಲಿಗೆ ಕೈ ಮುಗಿದಳು, ಆಮೇಲೆ ಕೈ ಮುಗಿದದ್ದಕ್ಕೆ ನಾಚಿಕೊಂಡಳು.

ಜೀಪಿನಲ್ಲಿ ಬಂದವರು ಅಳೆಯುವವರಲ್ಲ. ಜಲಾಶಯದ ದಂಡೆಯಲ್ಲಿ ಸಾರ್ವಜನಿಕರ ಮನರಂಜನೆಗೆ ಏನೇನು ಮಾಡಬಹುದು ಅಂತ ನೋಡಲು ಇಲಾಖೆ ಕಳಿಸಿದ ಯಾವುದೋ ಕಂಪನಿಯವರು. ಈ ಊರಿನಲ್ಲಿ ನಲ್ಲಿಗೆ ನೀರು ಬರುವುದು ಅದರ ಮನಸ್ಸಿಗೆ ಬಂದಾಗ. ಬೋರಿನ ನೀರು ಕುಡಿದು ಮಕ್ಕಳ ಹಲ್ಲು ಕಂದು ಬಣ್ಣವಾಗಿವೆ, ದೊಡ್ಡವರ ಮೊಣಕಾಲು ಮಡಚುವುದಿಲ್ಲ. ಡ್ಯಾಮು ಇನ್ನೂ ಕಾಗದದ ಮೇಲಿತ್ತು. ಆ ಕಾಗದದ ನೀರಿನ ಮೇಲೆ ದೋಣಿ ಎಲ್ಲಿ ಬಿಡಬೇಕು, ಕಾರಂಜಿ ಎಲ್ಲಿ ಹಾರಿಸಬೇಕು, ಕಾರು ಎಲ್ಲಿ ನಿಲ್ಲಿಸಬೇಕು ಅಂತ ನೋಡಲು ಮಂದಿ ಆಗಲೇ ಬಂದಿದ್ದರು.

ಅವರೊಳಗೆ ಅಂಜಲಿ ಅನ್ನುವ ಹುಡುಗಿ ಇದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೊರಳಲ್ಲಿ ಕ್ಯಾಮೆರಾ. ಹುಲಿಗವ್ವ ಒಡ್ಡಿನ ಮೇಲೆ ನಿಂತು ಕೂಗಿದಳು. “ಯವ್ವಾ, ಬಿಸಿಲಾಗ ಯಾಕ ನಿಂತೀರಿ, ಬರ್ರಿ, ಉಂಡು ಹೋಗ್ರಿ.”

“ಬೇಡಮ್ಮ, ನಾವು ಕೆಲಸದ ಮೇಲೆ ಬಂದಿದೀವಿ.”

“ಕೆಲಸ ಎಲ್ಲಿ ಓಡಿ ಹೊಕ್ಕೈತಿ? ರೊಟ್ಟಿ ಆರ್ತಾವು.”

ಬಂದರು, ಉಂಡರು. ಗಾಳೆಮ್ಮನ ಮನೆಯವರೂ ತಮ್ಮ ಬುಟ್ಟಿ ಹೊತ್ತು ಅಲ್ಲಿಗೇ ಬಂದರು. ಅಂಜಲಿ ಎರಡನೇ ಹೋಳಿಗೆ ಕೇಳಿ ಹಾಕಿಸಿಕೊಂಡಳು. ಆ ಹುಡುಗಿಯಲ್ಲಿ ಕೆಟ್ಟತನ ಇರಲಿಲ್ಲ, ಅದನ್ನು ಹೇಳಲೇಬೇಕು. ಬನ್ನಿಗಿಡದ ನೆರಳು, ಕಲ್ಲೊಡ್ಡು, ಕೆಳಗೆ ಹಳ್ಳದ ತಿರುವು ನೋಡಿ “ಎಷ್ಟು ಚೆನ್ನಾಗಿದೆ” ಅಂದಳು. ಫೋಟೋ ತೆಗೆದಳು. ತೆಗೆಯುತ್ತಲೇ ಕೇಳಿದಳು. “ಅಮ್ಮ, ಇಲ್ಲಿಗೆ ಜನ ತುಂಬಾ ಬರ್ತಾರಾ, ಹೀಗೆ ಊಟಕ್ಕೆ?”

ಚರಗದ ದಿನ. ಹೊಲದ ನಡುವೆ. ಹುಲಿಗವ್ವ ಬೇರೆ ಏನು ಹೇಳಿಯಾಳು?

“ಅಯ್ಯ, ಊರಿಗೂರೇ ಉಣ್ಣತೈತಿ ಯವ್ವಾ.”

“ಯಾವಾಗಲೂ?”

“ಯಾವಾಗ್ಲೂ. ನಮ್ಮ ಹೊಲದಾಗ ಎಲ್ಲಾರಿಗೂ ಜಾಗಾ ಐತಿ, ಬಂದವ್ರೆಲ್ಲಾ ಉಂಡ ಹೋಗ್ತಾರ.”

ಅಂಜಲಿ ಮೊಬೈಲಿನಲ್ಲಿ ಬೆರಳಾಡಿಸಿ ಬರೆದುಕೊಂಡಳು. ಹೋಗುವಾಗ ಹುಲಿಗವ್ವ ಅವಳ ಕೈಗೆ ಎರಡು ಸಜ್ಜಿರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಆ ರಾತ್ರಿ ಗ್ಯಾನಪ್ಪನಿಗೆ ಹೇಳಿದಳು. “ಭಾಳ ಛಲೋ ಹುಡುಗಿ. ನಮ್ಮ ಸುಮಂಗಲಾನಂಗ ಎಡಗೈಲೆ ಕೂದಲಾ ಹಿಂದ ಸರಿಸ್ತಾಳ.”

ಮುಂದಿನ ಬೇಸಿಗೆಯ ಹೊತ್ತಿಗೆ ಮನೆಗೆ ನೋಟೀಸು ಬಂತು. ಸರ್ಕಾರ ಕೊಟ್ಟ ಭೂಮಿ ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿದೆ, ತಕರಾರಿದ್ದರೆ ಸಭೆಗೆ ಬಂದು ಹೇಳಿರಿ. ಓದಿ ಹೇಳಿದವನು ಪಂಚಾಯ್ತಿ ಮೆಂಬರ್ ಮಲ್ಲೇಶ. ಗ್ಯಾನಪ್ಪ ಎರಡು ಸಲ ಓದಿಸಿದ.

“ನಮ್ಮದು ಮುಳುಗಂಗಿಲ್ಲ ಅಂದಿದ್ರಲ್ಲೋ ಮಲ್ಲೇಶಾ.”

“ಮುಳುಗಂಗಿಲ್ಲ ಕಾಕಾ. ಅದಕ್ಕ ಬೇಕಾಗೈತಿ. ಮುಳುಗೋ ಜಾಗಾದಾಗ ಮಂದಿ ಅಡ್ಡಾಡೋ ತೋಟಾ ಹೆಂಗ ಮಾಡ್ತಾರ?”

ಸಭೆ ಸಾಲಿಯ ಅಂಗಳದಲ್ಲಿ ಸೇರಿತು. ಶಾಮಿಯಾನದ ಕೆಳಗೆ ಬಂದವರಿಗೆಲ್ಲ ನೀರಿನ ಬಾಟಲಿ ಹಂಚಿದರು. ಆ ಊರಿನ ಸಭೆಗೆ ನೀರು ಕುಷ್ಟಗಿಯಿಂದ ರಟ್ಟಿನ ಡಬ್ಬಿಯಲ್ಲಿ ಬಂದಿತ್ತು. ಹಿಂದೆ ದೊಡ್ಡದೊಂದು ಫ್ಲೆಕ್ಸು. ನೀಲಿ ನೀರು, ಬಾತುಕೋಳಿ ಆಕಾರದ ದೋಣಿ, ಬಣ್ಣದ ಛತ್ರಿ, ಐಸ್‌ಕ್ರೀಮ್ ಹಿಡಿದ ಮಕ್ಕಳು. ನಟ್ಟನಡುವೆ ಬನ್ನಿಗಿಡ. ಗಿಡದ ಬುಡದಲ್ಲಿ ಮಂದಿ ನಮಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಾರೆ.

ಗಾಳೆಮ್ಮ ಹುಲಿಗವ್ವನ ಪಕ್ಕೆ ತಿವಿದಳು. “ಯಕ್ಕಾ, ಅದು ನನ್ನ ಬೆನ್ನು.”

“ಸುಮ್ಮನಿರ.”

“ಆಣಿ ಮಾಡಿ ಹೇಳ್ತೀನಿ, ನನ್ನದ ಹಸರ ಸೀರಿ. ಹರದದ್ದನ್ನ ಹೊಲಿಸಿದ್ದು ಸೈತ ಕಾಣತೈತಿ.”

ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹುಲಿಗವ್ವ ನಗಲಿಲ್ಲ. ಚಿತ್ರದಲ್ಲಿ ಹೊಲ ಇರಲಿಲ್ಲ. ಜೋಳ ಇದ್ದ ಕಡೆ ಹಸಿರು ಹುಲ್ಲು ಹಾಸಿತ್ತು. ತಾನು ಹೊತ್ತು ಹಾಕಿದ ಒಡ್ಡಿನ ಮೇಲೆ ಪ್ಯಾಂಟು ಹಾಕಿದ ಮಂದಿ ಕೂತು ಕೈ ಬೀಸುತ್ತಿದ್ದರು.

ಇಲಾಖೆಯ ಸಾಹೇಬರು ಮೈಕಿನಲ್ಲಿ ಹೇಳಿದರು. “ಈ ಸ್ಥಳವನ್ನು ನಾವು ಸುಮ್ಮನೆ ಆರಿಸಿಲ್ಲ. ಅಧ್ಯಯನ ಮಾಡಿಸಿದ್ದೇವೆ. ಸ್ಥಳೀಯರು ಈಗಾಗಲೇ ಇದನ್ನು ವಿಹಾರಕ್ಕೆ ಬಳಸ್ತಾ ಇದ್ದಾರೆ. ವರ್ಷವಿಡೀ ಜನ ಸೇರ್ತಾರೆ. ನಾವು ಮಾಡ್ತಿರೋದು ಇಷ್ಟೇ, ಅವರಿಗೆ ಸೌಲಭ್ಯ ಒದಗಿಸೋದು.”

ಹುಲಿಗವ್ವ ಎದ್ದು ನಿಂತಳು. ಮೈಕು ಕೊಟ್ಟರು. ಅದನ್ನು ಹಿಡಿಯುವುದು ಹೇಗೆಂದು ತಿಳಿಯದೆ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯ ಹಾಗೆ ಎರಡೂ ಕೈಯಲ್ಲಿ ಹಿಡಿದಳು. “ಸಾಹೇಬ್ರ, ಅದು ನನ್ನ ಹೊಲರಿ. ವರ್ಷಕ್ಕೊಮ್ಮಿ ಚರಗ ಚೆಲ್ಲತೀವಿ. ಅವತ್ತ ಉಣ್ಣತೀವಿ, ಅಷ್ಟರಿ.”

“ನಮ್ಮ ತಂಡಕ್ಕೆ ನೀವೇ ಹೇಳಿದ್ದೀರಲ್ಲಮ್ಮ, ಇಡೀ ಊರು ಬರುತ್ತೆ, ಯಾವಾಗಲೂ ಬರುತ್ತೆ ಅಂತ.”

“ಹೇಳೀನ್ರಿ.”

“ಹಾಗಾದ್ರೆ?”

“ಅವತ್ತ ಹಂಗ ಹೇಳಬೇಕ್ರಿ.”

“ಅಂದ್ರೆ ಸುಳ್ಳು ಹೇಳಿದ್ರಾ?”

ಊರಿನವರಿಗೆಲ್ಲ ಉತ್ತರ ಗೊತ್ತಿತ್ತು, ಸಾಹೇಬರಿಗೆ ತಿಳಿಯುವ ಮಾತಿನಲ್ಲಿ ಹೇಳಲು ಯಾರಿಗೂ ಬರಲಿಲ್ಲ. ಹೌದು ಅಂದರೆ ಚರಗದ ಮಾತೇ ಸುಳ್ಳಾಗುತ್ತದೆ, ಅಪ್ಪನ ಲಾಭವೂ ಸುಳ್ಳಾಗುತ್ತದೆ. ಅಲ್ಲ ಅಂದರೆ ಹೊಲ ಹೋಗುತ್ತದೆ. ಹುಲಿಗವ್ವ ಮೈಕನ್ನು ಮೆಲ್ಲಗೆ ಕೆಳಗಿಳಿಸಿದಳು. ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಅಂಜಲಿ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರ ಕಿವಿಯಲ್ಲಿ ಏನೋ ಹೇಳಿದಳು. ಸಾಹೇಬರು ಗಡಿಯಾರ ನೋಡಿಕೊಂಡರು.

“ಸರಿ. ಇವರ ತಕರಾರು ದಾಖಲಾಗಲಿ. ಇನ್ನೊಮ್ಮೆ ಸ್ಥಳ ಪರಿಶೀಲನೆ ಮಾಡೋಣ.”

ಪರಿಶೀಲನೆ ಎರಡು ಸಲ ಮುಂದೆ ಹೋಯಿತು. ಕಡೆಗೆ ಗೊತ್ತಾದ ತಾರೀಖಿನ ಚೀಟಿಯನ್ನು ಪಂಚಾಯ್ತಿ ಗೋಡೆಗೆ ಹಚ್ಚಿದರು. ಗಾಳೆಮ್ಮ ಬೆರಳಿನಲ್ಲಿ ಲೆಕ್ಕ ಹಾಕಿ, ಚೀಟಿ ಹಚ್ಚಲು ಬಂದವನಿಗೆ ಹೇಳಿದಳು. “ತಮ್ಮಾ, ಅವತ್ತ ಎಳ್ಳಮಾಸಿ. ಬ್ಯಾರೆ ದಿನಾ ಇಡಾಕ ಹೇಳು.”

“ಅಮಾಸಿಗೆ ಸರ್ಕಾರಿ ರಜಾ ಇಲ್ಲಬೇ” ಅಂದ ಅವನು, ಅಂಟು ಒರೆಸಿಕೊಳ್ಳುತ್ತ.

ಆ ಸಂಜೆ ಹುಲಿಗವ್ವನ ಕಟ್ಟೆಯ ಮೇಲೆ ಮಂದಿ ಸೇರಿದರು. ಮಲ್ಲೇಶ ಒಂದು ಉಪಾಯ ಹೇಳಿದ. “ಅವ್ರ ವಾದಾ ಏನು, ಇಲ್ಲಿ ಮಂದಿ ಸೇರ್ತಾರ ಅನ್ನೋದು. ಹೌದಿಲ್ಲೋ? ಹಂಗಾದ್ರ ಅವತ್ತ ಆ ಹೊಲದ ಕಡೆ ಯಾರೂ ಸುಳೀಬ್ಯಾಡ್ರಿ. ಒಲಿ ಹಚ್ಚಬ್ಯಾಡ್ರಿ, ಬುಟ್ಟಿ ತರಬ್ಯಾಡ್ರಿ. ಬಂದು ನೋಡ್ಲಿ. ಬರೇ ಹೊಲ, ಮಂದಿ ಯಾರೂ ಬರಂಗಿಲ್ಲ ಅಂತ ಬರಕೊಂಡು ಹೋಗ್ಲಿ.”

ಎಲ್ಲರಿಗೂ ಸರಿ ಅನ್ನಿಸಿತು. ಗ್ಯಾನಪ್ಪ ಮಾತ್ರ ತಲೆ ಅಲ್ಲಾಡಿಸಿದ. “ಚರಗ ಬಿಡು ಅಂತೀಯೇನು? ನಮ್ಮಪ್ಪ ಬರಗಾಲದಾಗ ಅಂಬಲಿನಾದ್ರೂ ಚೆಲ್ಯಾನ. ಬಸುರಿ ತಾಯಿನ ಉಪವಾಸ ಕೆಡವೂದು?”

“ಒಂದ ವರ್ಷ ಕಾಕಾ. ಹೊಲಾ ಉಳೀತಂದ್ರ ಮುಂದಿನ ವರ್ಷ ದುಪ್ಪಟ್ಟು ಚೆಲ್ಲು.”

ಎಲ್ಲರೂ ಹುಲಿಗವ್ವನ ಕಡೆ ನೋಡಿದರು. ಅವಳು ಅಂಗೈ ನೋಡಿಕೊಳ್ಳುತ್ತಿದ್ದಳು. ಕಲ್ಲಿನ ಕೆಲಸದಿಂದ ರೇಖೆ ಅಳಿಸಿಹೋದ ಅಂಗೈ. “ಆಕಿ ನನ್ನ ಮಾತಿನಿಂದ ಹೊಂಟಾಳ” ಅಂದಳು. ಆಕಿ ಅಂದರೆ ಹೊಲ. “ನನ್ನ ಬಾಯಿ ಮುಚ್ಚಿ ಉಳಿಯೂದಿದ್ರ ಉಳೀಲಿ. ಒಂದ ವರ್ಷ ತಡಕೊಂತಾಳ. ನಾನೂ ಉಪಾಸ ಇರ್ತೀನಿ ಆಕಿ ಜೋಡಿ.”

ಎಳ್ಳಮಾವಾಸ್ಯೆಯ ದಿನ ಗಂಡ ಹೆಂಡತಿ ಬರಿಗೈಲಿ ಹೊಲಕ್ಕೆ ಹೋದರು. ಬನ್ನಿಗಿಡದ ಬುಡದಲ್ಲಿ ಕೂತರು. ಹಳ್ಳದ ಆಚೆ ಹೊಲಗಳಿಂದ ಒಲೆಯ ಹೊಗೆ ಏಳುತ್ತಿತ್ತು, ಒಗ್ಗರಣೆಯ ವಾಸನೆ ಗಾಳಿಗೆ ಬರುತ್ತಿತ್ತು. ಆಗಾಗ “ಹುಲ್ಲುಲ್ಲಿಗೋ” ಅನ್ನುವ ಕೂಗು. ಕೂಗು ಕೇಳಿದಾಗಲೆಲ್ಲ ಗ್ಯಾನಪ್ಪನ ಬಾಯಿಗೂ ಅದೇ ಕೂಗು ಬರುತ್ತಿತ್ತು, ಅವನು ಕೆಮ್ಮಿ ಅದನ್ನು ನುಂಗುತ್ತಿದ್ದ. ಪ್ರತಿವರ್ಷ ಬುತ್ತಿಯ ಅಗುಳಿಗೆ ಬರುವ ಗುಬ್ಬಿಗಳು ಬಂದವು, ಸ್ವಲ್ಪ ಹೊತ್ತು ನೆಲದ ಮೇಲೆ ಕುಪ್ಪಳಿಸಿ ಹುಡುಕಿದವು, ಹಾರಿ ಹೋದವು. ಹುಲಿಗವ್ವ ಅವುಗಳ ಕಡೆ ನೋಡದಿರಲು ಸೆರಗು ಮುಖಕ್ಕೆ ಎಳೆದುಕೊಂಡಳು.

ಹೊತ್ತು ಇಳಿಯುವಾಗ ಜೀಪು ಬಂತು. ಅಂಜಲಿ ಇರಲಿಲ್ಲ. ಸಾಹೇಬರು, ಒಬ್ಬ ಗುಮಾಸ್ತ, ಡ್ರೈವರ್. ಸಾಹೇಬರು ನೆರಳಿಗೆ ಬಂದು ಬೆವರು ಒರೆಸಿಕೊಂಡು ನಕ್ಕರು. “ಹೋದ ಸಲ ನಮ್ಮವರಿಗೆ ಹೋಳಿಗೆ ಹಾಕಿದ್ರಂತೆ. ಇವತ್ತು ಏನೂ ಇಲ್ವಾ?”

“ಇಲ್ರಿ” ಅಂದಳು ಹುಲಿಗವ್ವ.

ಅದು ಆ ಹೊಲದಲ್ಲಿ ಅವಳ ಬಾಯಿಂದ ಬಂದ ಮೊದಲ ಇಲ್ಲ. ಗ್ಯಾನಪ್ಪ ಕೂತಲ್ಲೇ ಬೇರೆ ಕಡೆ ತಿರುಗಿದ.

“ಊರಿನವರು ಯಾರೂ ಬಂದಿಲ್ವಾ?”

“ಯಾರೂ ಬರಂಗಿಲ್ರಿ. ನೋಡ್ರಿ ನೀವ. ಇದು ಬರೇ ಹೊಲರಿ. ನಾವಿಬ್ರ ದುಡಕೊಂಡು ತಿಂತೀವಿ.”

ಸಾಹೇಬರು ಸುತ್ತ ನೋಡಿದರು. ಹೊಲ ನೋಡಿದರು, ಖಾಲಿ ದಾರಿ ನೋಡಿದರು. ಗುಮಾಸ್ತನಿಗೆ ಬರೆಸಿದರು. “ಸ್ಥಳ ಪರಿಶೀಲನೆ ಕಾಲಕ್ಕೆ ಗ್ರಾಮಸ್ಥರು ಯಾರೂ ಹಾಜರಿರುವುದಿಲ್ಲ. ಉದ್ದೇಶಿತ ಉದ್ಯಾನಕ್ಕೆ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಇರುವುದಿಲ್ಲ.”

ಹುಲಿಗವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಜೀಪಿನ ಬಾಗಿಲು ಹಿಡಿದು ನಿಂತಳು. “ಸಾಹೇಬ್ರ, ನನ್ನ ತಕರಾರು ಐತಲ್ರಿ.”

“ಅದು ನಿಮ್ಮೊಬ್ಬರದಮ್ಮ. ಊರಿನದು ಅಂತ ಏನಾದ್ರೂ ಇದ್ದಿದ್ರೆ ನಾಲ್ಕು ಜನ ಬಂದು ನಿಲ್ತಿದ್ರು.”

“ಬ್ಯಾಡ ಅಂತ ನಾವ ಹೇಳೀವ್ರಿ. ಬಂದ್ರ ಮಂದಿ ಸೇರ್ತಾರ ಅಂತ ಬರೀತೀರಿ ಅಂತ.”

ಸಾಹೇಬರಿಗೆ ಇದು ತಮಾಷೆಯಾಗಿ ಕಾಣಿಸಿತೋ, ಹಸಿವಾಗಿತ್ತೋ, ಮಾತು ಬೆಳೆಸಲಿಲ್ಲ. ಜೀಪು ತಿರುಗಿತು. ಮಂದಿ ಇದ್ದರೆ ಪಾರ್ಕಿಗೆ ಹೇಳಿ ಮಾಡಿಸಿದ ಜಾಗ, ಮಂದಿ ಇಲ್ಲದಿದ್ದರೆ ತಕರಾರಿಲ್ಲದ ಜಾಗ. ಬಡವರು ಯಾವ ಕಡೆ ನಿಂತರೂ ಸರ್ಕಾರದ ಗೆರೆ ಅವರ ಕಾಲ ಬುಡದಲ್ಲೇ ಬಂದು ನಿಲ್ಲುತ್ತದೆ. ಇದನ್ನು ಯಾವ ಅಧ್ಯಯನ ತಂಡವೂ ಬರೆದುಕೊಂಡು ಹೋಗಿಲ್ಲ.

ಜೀಪು ಹೋದ ಮೇಲೆ ತನ್ನ ಹೊಲದ ಚರಗ ಮಾಡಿದ ಗಾಳೆಮ್ಮ ಸಂಜೆ ಆ ಊಟ ತಟ್ಟೆಯಲ್ಲಿ ಮುಚ್ಚಿ ತಂದಳು. ಹುಲಿಗವ್ವ ಮುಟ್ಟಲಿಲ್ಲ. “ಆಕಿ ಉಂಡಿಲ್ಲ” ಅಂದಳು. ಗಾಳೆಮ್ಮ ಅವತ್ತು ಏನೂ ಚೇಷ್ಟೆ ಮಾಡಲಿಲ್ಲ. ತಟ್ಟೆ ಅಲ್ಲೇ ಇಟ್ಟು ಗೆಳತಿಯ ಬೆನ್ನಿಗೆ ಬೆನ್ನು ಕೊಟ್ಟು ಕತ್ತಲಾಗುವ ತನಕ ಕೂತಿದ್ದಳು.

ಆ ವರ್ಷ ಜೋಳ ಹಿಂದೆಂದೂ ಬರದಷ್ಟು ಛಲೋ ಬಂತು. ಹುಲಿಗವ್ವನಿಗೆ ತಾಳಲಾಗದೇ ಹೋದದ್ದು ಅದೇ. ಬೆಳೆ ಕೆಟ್ಟಿದ್ದರೆ ತಾಯಿ ಮುನಿದಳು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಉಪವಾಸ ಕೆಡವಿದರೂ ಆಕೆ ತನ್ನ ಕೆಲಸ ಬಿಡಲಿಲ್ಲ. ಗ್ಯಾನಪ್ಪ ಕಣದಲ್ಲಿ ಅಳೆಯಲು ಕೂತು “ಲಾಭ” ಅಂದ. ಹುಲಿಗವ್ವ ಎದ್ದು ಹೋಗಿ ಮೇವಿನ ಬಣವೆಯ ಹಿಂದೆ ಅತ್ತಳು. ಸುಮಂಗಲಾ ಫೋನು ಮಾಡಿ “ಯವ್ವಾ, ಹೊಲಾ ಹೋದ್ರ ಹೋಗ್ಲಿ ಬಿಡು, ಇಬ್ರೂ ಗಂಗಾವತಿಗೆ ಬಂದಬಿಡ್ರಿ” ಅಂದಾಗ “ಬರ್ತೀನವ್ವಾ” ಅಂದಳು. ಹೋಗಲಿಲ್ಲ.

ಜಲಾಶಯ ಇನ್ನೂ ಆಗಿಲ್ಲ. ಮುಳುಗುವ ಭೂಮಿಯ ದಾವೆ ಕೋರ್ಟಿನಲ್ಲಿದೆ, ಒಂದು ಕಲ್ಲೂ ಇಟ್ಟಿಲ್ಲ, ಹಳ್ಳ ಮೊದಲಿನ ಹಾಗೆ ಒಣಗಿ ಬಿದ್ದಿದೆ. ಉದ್ಯಾನದ ಅನುದಾನ ಮಾತ್ರ ಬೇರೆ ಖಾತೆಯದಂತೆ, ಖರ್ಚಾಗದಿದ್ದರೆ ವಾಪಸು ಹೋಗುತ್ತದಂತೆ. ಹಾಗಾಗಿ ನೀರಿಗಿಂತ ಮುಂಚೆ ನೀರಿನ ದಂಡೆಯ ತೋಟ ಬಂತು. ಹುಲಿಗವ್ವನ ಹೊಲದ ಸುತ್ತ ಸಿಮೆಂಟಿನ ಕಂಬ, ಮುಳ್ಳುತಂತಿ, ಕಬ್ಬಿಣದ ಗೇಟು. ಅವಳ ಕಲ್ಲೊಡ್ಡು ಬಿಚ್ಚಿ ಅದೇ ಕಲ್ಲಿನಿಂದ ಕೂರುವ ಕಟ್ಟೆ ಕಟ್ಟಿದರು, ಒಣ ಹಳ್ಳದ ಕಡೆ ಮುಖ ಮಾಡಿ, ಸಾಲಾಗಿ. ಈ ತನಕ ಅದರ ಮೇಲೆ ಕೂತದ್ದು ಕಾಗೆ ಮಾತ್ರ.

ಕಾಯಲು ಕುಷ್ಟಗಿಯಿಂದ ದಾದೇಸಾಬನನ್ನು ಇಟ್ಟಿದ್ದಾರೆ. ವಯಸ್ಸಾದ ಮನುಷ್ಯ, ಹಿಂದೆ ಪಾಲಿಗೆ ಹೊಲ ಮಾಡಿದವನು. ಗೇಟಿನ ಪಕ್ಕ ತಗಡಿನ ಗೂಡಿನಲ್ಲಿ ಇರುತ್ತಾನೆ.

ಮತ್ತೆ ಎಳ್ಳಮಾವಾಸ್ಯೆ ಬಂತು. ಹುಲಿಗವ್ವ ನಸುಕಿನಲ್ಲೆದ್ದು ಒಲೆ ಹಚ್ಚಿದಳು. ಬುಟ್ಟಿ ಹೊತ್ತು ಇಬ್ಬರೂ ತಂತಿಯ ಬದಿಗೆ ಬಂದು ನಿಂತರು. ದಾದೇಸಾಬ ಗೂಡಿನಿಂದ ಹೊರಗೆ ಬಂದ. ಬುಟ್ಟಿ ನೋಡಿದ, ಅವರ ಮುಖ ನೋಡಿದ.

“ಯಕ್ಕಾ, ಗೇಟಿನ ಕೀಲಿ ಕಾಂಟ್ರಾಕ್ಟರ್ ಕಡೆ ಐತಿ. ಇದ್ದಿದ್ರ ತೆಗೀತಿದ್ದೆ.”

“ಇರಲಿ ಬಿಡಪಾ. ಇಲ್ಲಿಂದಲೇ ಆಕೈತಿ.”

ಗ್ಯಾನಪ್ಪ ಚರಗ ಕಲೆಸಿ ಮುಷ್ಟಿ ತುಂಬಿಕೊಂಡು ತಂತಿಯ ಮೇಲಿಂದ ಒಳಗೆ ತೂರಿದ. “ಹುಲ್ಲುಲ್ಲಿಗೋ.” ಹುಲಿಗವ್ವ ತಂಬಿಗೆಯ ನೀರನ್ನು ತಂತಿಯ ಸಂದಿಯಿಂದ ಚಿಮುಕಿಸಿ ಅದನ್ನೇ ತಿರುಗಿ ಅಂದಳು. ಅನ್ನ ಬಹಳ ದೂರ ಹೋಗಲಿಲ್ಲ. ಬಾಡಿದ ಹುಲ್ಲುಹಾಸಿನ ಅಂಚಿಗೆ ಬಿತ್ತು. ಬನ್ನಿಗಿಡ ಒಳಗೆ, ಕೈಗೆ ಎಟುಕದಷ್ಟು ಆಚೆ ಇತ್ತು. ಬೇಲಿಯ ಸುತ್ತ ನಡೆದು ನಾಲ್ಕೂ ದಿಕ್ಕಿನಿಂದ ಹಾಗೇ ಚೆಲ್ಲಿದರು. ದಾದೇಸಾಬ ಚಪ್ಪಲಿ ಕಳೆದು ಅವರ ಹಿಂದೆ ಬುಟ್ಟಿ ಹಿಡಿದು ನಡೆದ.

ಸುತ್ತು ಮುಗಿಸಿ ಗೇಟಿನ ಮುಂದೆ ನೆಲ ಬಳಿದು ಎಲೆ ಹಾಸುವಾಗ ದಾದೇಸಾಬ ಸಂಪ್ರದಾಯ ತಪ್ಪಿಸಲಿಲ್ಲ. ಅವನೂ ಹೊಲದವನು, ಏನು ಕೇಳಬೇಕೆಂದು ಗೊತ್ತಿತ್ತು. ಊರಿಗೂರೇ ಅನ್ನುವ ಆ ಮಾತು ಅವಳ ಬಾಯಿಂದ ಒಮ್ಮೆ ಬರಲಿ, ಮನಸ್ಸು ಹಗುರಾಗಲಿ ಅಂತಲೇ ಕೇಳಿರಬೇಕು.

“ಯಕ್ಕಾ, ಊಟಕ್ಕ ಎಷ್ಟ ಮಂದಿ?”

ಹುಲಿಗವ್ವ ಕೈಯಲ್ಲಿದ್ದ ರೊಟ್ಟಿ ಹಿಡಿದುಕೊಂಡೇ ಒಳಗೆ ನೋಡಿದಳು. ಗುಬ್ಬಿಗಳು ತಂತಿಯೊಳಗೆ ನುಸುಳಿ ಹೋಗಿ ಹುಲ್ಲಿನ ಅಂಚಿನಲ್ಲಿ ಅಗುಳು ಆರಿಸುತ್ತಿದ್ದವು. ಗ್ಯಾನಪ್ಪ ಕಾಯುತ್ತಿದ್ದ.

“ಮೂರ ಮಂದಿ” ಅಂದಳು. “ನಾನು, ಇವ್ರು, ನೀನು. ಕುಂದ್ರಪಾ.”